ಹರಿಹರದಿಂದ ಶೃಂಗೇರಿಗೆ ಕಾಲ್ನಡಿಗೆ: ಬಿಡುವಿನ ದಿನ ಶಿವಮೊಗ್ಗದಲ್ಲೋ, ತೀರ್ಥಹಳ್ಳಿಯಲ್ಲೋ?

ಸಂಕ್ರಾಂತಿ ಹತ್ತಿರ ಬಂದ ಹಾಗೆ ನಮ್ಮ ಮನೆಗೆ ಫೋನ್ ಬರಲು ಶುರುವಾಗುತ್ತದೆ. "ಅಕ್ಕಾ, ಈ ಸಲ ನಾವೂ ನಡೀತೀವಿ. ಮಧ್ಯೆ ಒಂದು ದಿನ ಎಲ್ಲಿ ಉಳ್ಕೊಳ್ಳೋದು?" ಊಟ ಎಲ್ಲಿ, ರಾತ್ರಿ ಎಲ್ಲಿ ಎಂಬುದಕ್ಕೆ ಉತ್ತರ ಸುಲಭ. ಬಿಡುವಿನ ದಿನದ ಪ್ರಶ್ನೆಗೆ ಹಾಗೆ ಒಂದೇ ಮಾತಿನಲ್ಲಿ ಹೇಳಿ ಫೋನ್ ಇಡಲು ಆಗುವುದಿಲ್ಲ. ಚಿಕ್ಕಪ್ಪ, ಚಿಕ್ಕಮ್ಮ ಮತ್ತು ನಮ್ಮ ಬೀದಿಯ ಏಳೆಂಟು ಜನರ ಜೊತೆ ನಾಲ್ಕು ಸಲ ಈ ದಾರಿ ನಡೆದಿದ್ದೇನೆ. ಒಂದು ಸಲ ಬಿಡುವೇ ಇಲ್ಲದೆ, ಒಂದು ಸಲ ತೀರ್ಥಹಳ್ಳಿಯಲ್ಲಿ ಉಳಿದು, ಎರಡು ಸಲ ಶಿವಮೊಗ್ಗದಲ್ಲಿ ಉಳಿದು. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ದಾರಿ ಗೊತ್ತಿಲ್ಲದವರಿಗೆ ಮೊದಲು ದಾರಿ ಹೇಳುತ್ತೇನೆ. ನಮ್ಮದು ಹೊಳೆಗೆ ಎದುರಾಗಿ ನಡೆಯುವ ಯಾತ್ರೆ. ಹರಿಹರದಲ್ಲಿ ಹರಿಹರೇಶ್ವರನಿಗೆ ಕೈಮುಗಿದು ತುಂಗಭದ್ರೆಯ ದಂಡೆಯಿಂದ ಹೊರಡುತ್ತೇವೆ. 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಅದು. ಹೊನ್ನಾಳಿಯಲ್ಲೂ ಅದೇ ಹೊಳೆ ಸಿಗುತ್ತದೆ. ಶಿವಮೊಗ್ಗಕ್ಕೆ ಬರುವ ಹೊತ್ತಿಗೆ ಭದ್ರೆ ಬೇರೆಯಾಗಿ ತುಂಗೆ ಒಬ್ಬಳೇ ಉಳಿದಿರುತ್ತಾಳೆ. ಅಲ್ಲಿಂದ ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ, ಕೊಪ್ಪ, ಹರಿಹರಪುರ, ಕೊನೆಗೆ ಶಾರದಮ್ಮನ ಸನ್ನಿಧಿ. ಹರಿಹರದಿಂದ ಶಿವಮೊಗ್ಗಕ್ಕೆ ಸುಮಾರು 80 ಕಿ.ಮೀ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ 60ರ ಆಸುಪಾಸು. ಮುಂದೆ ಶೃಂಗೇರಿಗೆ ಇನ್ನೊಂದು 50ಕ್ಕೂ ಮೇಲೆ. ದಿನಕ್ಕೆ 25ರಿಂದ 30 ಕಿ.ಮೀ. ನಡೆದರೆ ಮೂರನೇ ದಿನ ಸಂಜೆ ಶಿವಮೊಗ್ಗ, ಮುಂದೆ ಎರಡು ದಿನಕ್ಕೆ ತೀರ್ಥಹಳ್ಳಿ, ಮತ್ತೆ ಎರಡು ದಿನಕ್ಕೆ ಶೃಂಗೇರಿ.

ಒಂದೇ ದಿನ ಬಿಡುವು ಸಿಗುವುದಾದರೆ ಶಿವಮೊಗ್ಗದಲ್ಲಿ ಇಟ್ಟುಕೊಳ್ಳಿ. ನಿಮ್ಮ ಗುಂಪಿನವರೆಲ್ಲ ಹಿಂದೆ ನಡೆದವರಾಗಿದ್ದು, ಮೂರನೇ ದಿನ ಸಂಜೆ ಎಲ್ಲರ ಪಾದವೂ ಸರಿ ಇದ್ದರೆ ಮಾತ್ರ ತೀರ್ಥಹಳ್ಳಿಯ ಯೋಚನೆ ಮಾಡಿ.

ಮೂರನೇ ದಿನದ ಕಾಲು

ಮೊದಲ ದಿನ ಕಾಲು ನೋಯುವುದಿಲ್ಲ, ಉತ್ಸಾಹ ಇರುತ್ತದೆ. ಎರಡನೇ ದಿನ ಮೀನಖಂಡ ಬಿಗಿಯುತ್ತದೆ. ಹೆಬ್ಬೆರಳ ಕೆಳಗೆ, ಹಿಮ್ಮಡಿಯ ಪಕ್ಕದಲ್ಲಿ ಬಿಸಿಬಿಸಿ ಅನ್ನಿಸುತ್ತದೆ. ಮೂರನೇ ದಿನಕ್ಕೆ ಅದೇ ಬೊಬ್ಬೆಯಾಗುತ್ತದೆ. ಹರಿಹರದಿಂದ ಶಿವಮೊಗ್ಗದವರೆಗೆ ಹೆಚ್ಚಿನ ದಾರಿ ಬಯಲು. ಎರಡೂ ಕಡೆ ಗದ್ದೆ, ಅಡಿಕೆ ತೋಟ, ಕಬ್ಬು. ನೋಡಲು ಚೆಂದ, ಆದರೆ ರಸ್ತೆಯ ಮೇಲೆ ನೆರಳು ಕಡಿಮೆ. ಬೆಳಿಗ್ಗೆ ಹನ್ನೊಂದರ ಮೇಲೆ ಡಾಂಬರು ಕಾದಿರುತ್ತದೆ. ಹರಕೆ ಹೊತ್ತು ಬರಿಗಾಲಲ್ಲಿ ನಡೆಯುವವರಿಗೆ ಈ ಮೂರು ದಿನವೇ ಇಡೀ ಯಾತ್ರೆಯ ಕಷ್ಟದ ಭಾಗ.

ನಮ್ಮ ಮೊದಲ ವರ್ಷ ಇದು ಗೊತ್ತಿರಲಿಲ್ಲ. ಶಿವಮೊಗ್ಗದಲ್ಲಿ ರಾತ್ರಿ ಮಲಗಿ ಬೆಳಿಗ್ಗೆ ಹೊರಟುಬಿಟ್ಟೆವು. ಮಂಡಗದ್ದೆ ದಾಟುವಷ್ಟರಲ್ಲಿ ಚಿಕ್ಕಪ್ಪನ ಹಿಮ್ಮಡಿಯ ಬೊಬ್ಬೆ ಒಡೆದು ಸಾಕ್ಸ್‌ಗೆ ಅಂಟಿಕೊಂಡಿತ್ತು. ಅವರು ಯಾರಿಗೂ ಹೇಳಲಿಲ್ಲ. ತೀರ್ಥಹಳ್ಳಿಯಲ್ಲಿ ಸಾಕ್ಸ್ ಬಿಚ್ಚಿದಾಗ ಗಾಯ ನಂಜಾಗಿ ಕೀವು ತುಂಬಿತ್ತು. ಅವರನ್ನು ಬಸ್ಸಿನಲ್ಲಿ ಊರಿಗೆ ಕಳಿಸಬೇಕಾಯಿತು. ಬಸ್ಸಿನ ಕಿಟಕಿಯಿಂದ ನಮ್ಮನ್ನು ನೋಡಿದ ಅವರ ಮುಖ ನನಗೆ ಇನ್ನೂ ಮರೆತಿಲ್ಲ. ಶಿವಮೊಗ್ಗದಲ್ಲಿ ಒಂದು ದಿನ ಕೂತಿದ್ದರೆ ಅವರೂ ಶಾರದಮ್ಮನ ಮುಂದೆ ನಿಂತಿರುತ್ತಿದ್ದರು.

ಹಾಗಾಗಿ ಬಿಡುವಿನ ದಿನದ ಊರನ್ನು ಆರಿಸುವಾಗ ನಾನು ಮೊದಲು ಕೇಳುವುದು ಅಲ್ಲಿ ನೋಡಲು ಏನಿದೆ ಎಂದಲ್ಲ. ಕಾಲಿಗೆ ಬೇಕಾದದ್ದೆಲ್ಲ ಅಲ್ಲಿ ಸಿಗುತ್ತದಾ? ಇನ್ನೂ ಸರಿಮಾಡಲು ಸಮಯ ಇರುವಾಗ ಆ ಊರು ಸಿಗುತ್ತದಾ? ಈ ಎರಡೂ ಲೆಕ್ಕದಲ್ಲಿ ಶಿವಮೊಗ್ಗವೇ ಮುಂದೆ. ಔಷಧಿ ಅಂಗಡಿ, ಕ್ಲಿನಿಕ್, ಸರ್ಕಾರಿ ಮೆಗ್ಗಾನ್ ಆಸ್ಪತ್ರೆ ಎಲ್ಲವೂ ಊರೊಳಗೇ ಇವೆ. ಚಪ್ಪಲಿಯ ಪಟ್ಟಿ ಹೊಲಿಸಬಹುದು. ಗಾಂಧಿ ಬಜಾರ್, ನೆಹರು ರಸ್ತೆ, ದುರ್ಗಿಗುಡಿ ಸುತ್ತಿದರೆ ಹತ್ತಿ ಸಾಕ್ಸ್, ತೆಳ್ಳನೆ ಟವೆಲ್, ಟಾರ್ಚಿನ ಸೆಲ್ಲು ಎಲ್ಲ ಸಿಗುತ್ತವೆ. ತೀರ್ಥಹಳ್ಳಿಯಲ್ಲೂ ಆಸ್ಪತ್ರೆ ಇದೆ, ಅಂಗಡಿಗಳಿವೆ. ಆದರೆ ಅಲ್ಲಿಗೆ ತಲುಪುವಾಗ ಅರ್ಧಕ್ಕಿಂತ ಜಾಸ್ತಿ ದಾರಿ ಮುಗಿದಿರುತ್ತದೆ, ಕೆಡುವುದು ಕೆಟ್ಟಾಗಿರುತ್ತದೆ.

ಒಂದು ಎಚ್ಚರಿಕೆ. ಶಿವಮೊಗ್ಗದಲ್ಲಿ ಹೊಸ ಶೂ ಕೊಂಡು ಮರುದಿನ ಅದರಲ್ಲೇ ನಡೆಯಬೇಡಿ. ಹಳೆಯದು ಪೂರ್ತಿ ಹರಿದಿದ್ದರೆ ಪಟ್ಟಿ ಹಾಕುವ ಸ್ಯಾಂಡಲ್ ತಗೊಳ್ಳಿ. ನಡೆದು ಪಾದ ಊದಿರುತ್ತದೆ, ಅದಕ್ಕೆ ಸಂಜೆ ಹೊತ್ತು ಹಾಕಿ ನೋಡಿ ಕೊಳ್ಳಿ.

ಬಿಸಿನೀರಿನ ವಿಷಯವನ್ನೂ ಹೇಳಿಬಿಡುತ್ತೇನೆ. ಬಕೆಟ್ಟಿಗೆ ಉಪ್ಪು ಹಾಕಿ ಕಾಲು ಇಳಿಬಿಟ್ಟು ಕೂತರೆ ಹಿತ ಅನ್ನಿಸುತ್ತದೆ ನಿಜ. ಹತ್ತು ನಿಮಿಷ ಸಾಕು. ಜಾಸ್ತಿ ನೆನೆದರೆ ಚರ್ಮ ಮೆತ್ತಗಾಗಿ ಮರುದಿನ ಬೇಗ ಕೀಳುತ್ತದೆ. ಆಮೇಲೆ ಬೆರಳ ಸಂದಿಯೂ ಒಣಗುವ ಹಾಗೆ ಒರೆಸಿ. ಶುಗರ್ ಇರುವವರು ಬಿಸಿನೀರಿನಲ್ಲಿ ಕಾಲು ಇಡಲೇಬೇಡಿ. ಚಿಕ್ಕಮ್ಮನಿಗೆ ಶುಗರ್ ಇದೆ, ಅವರ ಪಾದಕ್ಕೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ. ಒಂದು ಸಲ ನೀರು ಎಷ್ಟು ಕಾದಿದೆ ಎಂದೇ ಗೊತ್ತಾಗದೆ ಪಾದವೆಲ್ಲ ಕೆಂಪಗಾಗಿತ್ತು. ಈಗ ಸಂಜೆಗೊಮ್ಮೆ ನಾನೇ ಅವರ ಎರಡೂ ಪಾದ ಹಿಡಿದು ಅಡಿ, ಸಂದಿ ಎಲ್ಲ ನೋಡುತ್ತೇನೆ. ಶುಗರ್ ಇರುವವರಿಗೆ ಬೊಬ್ಬೆ ಬಂದರೆ ಮನೆಯ ಸೂಜಿ ಹಿಡಿಯದೆ ಸೀದಾ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ.

ಲಾಡ್ಜೋ, ಛತ್ರವೋ, ನೆಂಟರ ಮನೆಯೋ?

ಶಿವಮೊಗ್ಗ ಎಂದು ತೀರ್ಮಾನ ಮಾಡಿದ ಮೇಲೆ ಬರುವ ದೊಡ್ಡ ಪ್ರಶ್ನೆ ಇದು. ನಮ್ಮ ಕಡೆಯವರಿಗೆ ಶಿವಮೊಗ್ಗದಲ್ಲಿ ಒಬ್ಬರಾದರೂ ನೆಂಟರು ಇದ್ದೇ ಇರುತ್ತಾರೆ. "ನಮ್ಮೂರಿಗೆ ಬಂದು ಲಾಡ್ಜಲ್ಲಿ ಇರ್ತೀರಾ? ನಾವೇನು ಸತ್ತೋಗಿದ್ದೀವಾ?" ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ, ಅಲ್ವಾ?

ನೆಂಟರ ಮನೆಯಲ್ಲಿ ಎರಡು ದೊಡ್ಡ ಅನುಕೂಲ ಇವೆ. ಮೊದಲನೆಯದು ಬಟ್ಟೆ. ಮೂರು ದಿನದ ಬೆವರಿನ ಬಟ್ಟೆ ಒಗೆದು ತಾರಸಿಯ ಮೇಲೆ ಹಾಕಿದರೆ ಮಧ್ಯಾಹ್ನಕ್ಕೆ ಒಣಗುತ್ತದೆ. ಲಾಡ್ಜಿನ ಬಾತ್‌ರೂಮಿನಲ್ಲಿ ಸೀರೆ ಒಣಗಿಸುವುದು ಸಾಹಸ. ಎರಡನೆಯದು ಮನೆಯ ಊಟ. ಮೂರು ದಿನ ದಾರಿಯಲ್ಲಿ ಸಿಕ್ಕಿದ್ದನ್ನು ತಿಂದ ಹೊಟ್ಟೆಗೆ ಬಿಸಿ ಅನ್ನ, ತಿಳಿಸಾರು, ಮಜ್ಜಿಗೆ ಸಿಕ್ಕಿದರೆ ಅದೇ ಅರ್ಧ ಔಷಧಿ.

ತೊಂದರೆಯೂ ಅವರ ಪ್ರೀತಿಯಿಂದಲೇ ಬರುತ್ತದೆ. ತಿಳಿಸಾರಿಗೆ ನಿಲ್ಲಿಸುವುದಿಲ್ಲ. ಹೋಳಿಗೆ, ಪಾಯಸ, ಬಜ್ಜಿ ಎಲ್ಲ ಬರುತ್ತದೆ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಯಾತ್ರೆಗೆ ಹೊರಟವರನ್ನು ನೋಡಲು ಅಕ್ಕಪಕ್ಕದ ಮನೆಯವರು ಬರುತ್ತಾರೆ, ಬಂದವರ ಮುಂದೆ ಎದ್ದು ಕೂರಬೇಕು. ರಾತ್ರಿ ಹನ್ನೊಂದಾದರೂ ಮಾತು ಮುಗಿಯುವುದಿಲ್ಲ. ಎರಡನೇ ಸಲ ನಾವು ಚಿಕ್ಕಮ್ಮನ ತಂಗಿಯ ಮನೆಯಲ್ಲಿ ಉಳಿದೆವು. ಪ್ರೀತಿಯಿಂದ ನೋಡಿಕೊಂಡರು. ಆದರೆ ಮರುದಿನ ಹೊರಟಾಗ ಹೊಟ್ಟೆ ಭಾರ, ಕಣ್ಣು ತುಂಬ ನಿದ್ದೆ.

ಮುಂದಿನ ಸಲ ಬಸ್ ನಿಲ್ದಾಣದ ಕಡೆ ಒಂದು ಲಾಡ್ಜ್ ಹಿಡಿದೆವು. ಅಲ್ಲಿ ಬೇರೆ ಪಾಠವಾಯಿತು. ಫೋನಿನಲ್ಲಿ ರೂಮ್ ಇದೆ ಅಂದಿದ್ದರು, ಹೋಗಿ ನೋಡಿದರೆ ಮೂರನೇ ಮಹಡಿ, ಲಿಫ್ಟ್ ಇಲ್ಲ. 80 ಕಿ.ಮೀ. ನಡೆದು ಬಂದ ಮಂಡಿಗೆ ಮೆಟ್ಟಿಲು ಇಳಿಯುವುದು ಎಂದರೆ ಏನು ಎಂದು ನಡೆದವರಿಗೇ ಗೊತ್ತು. ಚಿಕ್ಕಮ್ಮ ಗೋಡೆ ಹಿಡಿದು ಹಿಮ್ಮುಖವಾಗಿ ಇಳಿದರು. ಹಾಗಾಗಿ ರೂಮ್ ಹೇಳುವಾಗ ಮೂರು ವಿಷಯ ಕೇಳಿ: ನೆಲಮಹಡಿ ಇದೆಯಾ ಅಥವಾ ಲಿಫ್ಟ್ ಇದೆಯಾ, ಕೂರುವ ಕಮೋಡ್ ಇದೆಯಾ, ಬೆಳಗಿನ ಜಾವ ನಾಲ್ಕೂವರೆಗೆ ಗೇಟ್ ತೆಗೆಯುತ್ತಾರಾ.

ಛತ್ರ, ಕಲ್ಯಾಣ ಮಂಟಪ, ಮಠದ ಹಾಲ್ ಗುಂಪು ದೊಡ್ಡದಿದ್ದಾಗ ಸರಿ. ಎಲ್ಲರೂ ಒಂದೇ ಕಡೆ ಇರಬಹುದು, ಭಜನೆ ಮಾಡಬಹುದು. ಬಿಡುವಿನ ದಿನ ಹಗಲು ಹೊತ್ತೂ ಇರಲು ಬಿಡುತ್ತಾರಾ ಎಂದು ಮೊದಲೇ ಕೇಳಿಕೊಳ್ಳಿ. ರಾತ್ರಿ ಮಲಗಿ ಬೆಳಿಗ್ಗೆ ಖಾಲಿ ಮಾಡಬೇಕಾದ ಜಾಗದಲ್ಲಿ ವಿಶ್ರಾಂತಿ ಆಗುವುದಿಲ್ಲ.

ಈಗ ನಾವು ಮಾಡುವುದು ಹೀಗೆ: ಮಲಗುವುದು ಲಾಡ್ಜಿನಲ್ಲಿ, ಮಧ್ಯಾಹ್ನದ ಊಟ ಮತ್ತು ಬಟ್ಟೆ ಒಗೆಯುವುದು ನೆಂಟರ ಮನೆಯಲ್ಲಿ. "ಬೆಳಿಗ್ಗೆ ನಾಲ್ಕಕ್ಕೇ ಏಳ್ತೀವಿ, ನಿಮ್ಮ ನಿದ್ದೆ ಯಾಕೆ ಕೆಡಿಸೋದು" ಎಂದರೆ ಯಾರಿಗೂ ಬೇಸರವಾಗುವುದಿಲ್ಲ. ಮಾತೂ ಸುಳ್ಳಲ್ಲ.

ಕೋಟೆ ಕಡೆ ಒಂದು ಬೆಳಗು

ಶಿವಮೊಗ್ಗದಲ್ಲಿ ಉಳಿಯುವುದರ ಇನ್ನೊಂದು ಲಾಭ, ನೋಡಲೇಬೇಕಾದ ಜಾಗಗಳು ಕೋಟೆ ಕಡೆ ಒತ್ತೊತ್ತಿಗೆ ಇವೆ. ಆಟೋ ಹತ್ತಿ ಇಳಿದರೆ ಮುಂದೆ ನಡೆಯುವುದು ಸ್ವಲ್ಪವೇ. ತುಂಗೆಯ ದಂಡೆಯಲ್ಲಿ ಕೋಟೆ ಆಂಜನೇಯನ ಗುಡಿ, ಹತ್ತಿರದಲ್ಲೇ ಶಿವಪ್ಪ ನಾಯಕನ ಅರಮನೆ, ಕೋಟೆ ಮಾರಿಕಾಂಬೆಯ ಗುಡಿ. ಬೆಳಿಗ್ಗೆ ಚೆನ್ನಾಗಿ ನಿದ್ದೆ ಮಾಡಿ, ತಿಂಡಿ ತಿಂದು, ಹತ್ತು ಗಂಟೆಗೆ ಹೋದರೆ ಸಾಕು.

ಅರಮನೆ ಎಂದರೆ ಮೈಸೂರಿನ ಹಾಗೆ ಎಂದುಕೊಳ್ಳಬೇಡಿ. ಮರದ ಕಂಬಗಳ, ಎರಡು ಅಂತಸ್ತಿನ ತಣ್ಣನೆಯ ಕಟ್ಟಡ. ಕೆಳದಿಯ ದೊರೆ ಶಿವಪ್ಪ ನಾಯಕ ಆಳಿದ್ದು 1645ರಿಂದ 1660ರವರೆಗೆ. ನೆಲದ ಫಲವತ್ತತೆ ನೋಡಿ ಕಂದಾಯ ನಿಗದಿ ಮಾಡಿದ ಅವನ ಪದ್ಧತಿಗೆ ಶಿಸ್ತು ಎಂದು ಹೆಸರು. ಅದರಿಂದಲೇ ಅವನು ಶಿಸ್ತಿನ ಶಿವಪ್ಪ ನಾಯಕ ಆದ. ಅರಮನೆಗೆ ಅವನ ಹೆಸರಿದ್ದರೂ ಈಗಿರುವ ಕಟ್ಟಡ ಹೈದರಾಲಿಯ ಕಾಲದ್ದು ಎಂದು ಇತಿಹಾಸ ತಿಳಿದವರು ಹೇಳುತ್ತಾರೆ. ಕೆಳದಿಯವರ ರಾಜಧಾನಿ ಬಿದನೂರು 1763ರಲ್ಲಿ ಹೈದರನ ಕೈಸೇರಿತು, ಆಮೇಲೆ ಈ ಸೀಮೆ ಅವನದಾಯಿತು. ಈಗ ಅರಮನೆ ಸರ್ಕಾರದ ವಸ್ತುಸಂಗ್ರಹಾಲಯ. ರಜೆಯ ದಿನ ಹೋಗಿ ಬಾಗಿಲು ನೋಡಿ ಬರಬೇಡಿ, ಲಾಡ್ಜಿನವರನ್ನೋ ಆಟೋದವರನ್ನೋ ವಿಚಾರಿಸಿ ಹೊರಡಿ.

ನನಗೆ ಅರಮನೆಯ ಒಳಗಿಗಿಂತ ಹೊರಗಿನ ಅಂಗಳ ಇಷ್ಟ. ಸುತ್ತಮುತ್ತಲ ಊರುಗಳಿಂದ ತಂದ ಕಲ್ಲುಗಳನ್ನು ಅಲ್ಲಿ ನಿಲ್ಲಿಸಿದ್ದಾರೆ. ವೀರಗಲ್ಲು, ಗಂಡನ ಚಿತೆ ಏರಿದ ಹೆಂಗಸಿನ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲು, ಮುರಿದ ಮೂರ್ತಿಗಳು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಸಾಲಿನಲ್ಲಿ ಕಾಳಗ. ದನ ಹೊಡೆದುಕೊಂಡು ಹೋದವರ ಜೊತೆಯೋ, ಊರ ಮೇಲೆ ಬಿದ್ದವರ ಜೊತೆಯೋ. ನಡುವಿನ ಸಾಲಿನಲ್ಲಿ ಅಪ್ಸರೆಯರು ಸತ್ತ ವೀರನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನ ಸಾಲಿನಲ್ಲಿ ಅವನು ಲಿಂಗದ ಮುಂದೆ ಕೂತಿರುತ್ತಾನೆ, ಪಕ್ಕದಲ್ಲಿ ಸೂರ್ಯ ಚಂದ್ರ. ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ಕೈ ಎತ್ತಿ ನಿಂತಿರುತ್ತದೆ. ಆ ಕೈ ನೋಡಿದರೆ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ. ನಡೆಯುವಾಗ ಊರ ಹೊರಗೆ, ಹೊಲದ ಬದುವಿನಲ್ಲಿ ಇಂಥ ಎಷ್ಟೋ ಕಲ್ಲುಗಳನ್ನು ದಾಟುತ್ತೇವೆ. ಕೆಲವಕ್ಕೆ ಎಣ್ಣೆ, ಕುಂಕುಮ ಹಚ್ಚಿರುತ್ತಾರೆ. ಇಲ್ಲಿ ಒಂದು ಗಂಟೆ ಕೂತು ನೋಡಿದ ಮೇಲೆ ಮುಂದಿನ ದಾರಿಯ ಕಲ್ಲುಗಳೂ ಮಾತಾಡಲು ಶುರುಮಾಡುತ್ತವೆ.

ಆಂಜನೇಯನ ಗುಡಿಗೆ ಸಂಜೆ ಹೋಗುವುದು ಒಳ್ಳೆಯದು. ಆದರೆ ಅಲ್ಲಿ ಹೊಳೆಗೆ ಇಳಿದು ಗಾಯದ ಕಾಲು ಅದ್ದಬೇಡಿ. ತುಂಗಾ ಪಾನ, ಗಂಗಾ ಸ್ನಾನ ಎಂದು ಹಿರಿಯರು ಹೇಳಿದ ನೀರು ಅದು. ಆದರೆ ಈಗ ಪೇಟೆಯ ಚರಂಡಿ ನೀರು ಅದಕ್ಕೆ ಸೇರುತ್ತಿದೆ. ನೋಡಿದರೆ ಸಂಕಟವಾಗುತ್ತದೆ. ಮೂರು ದಿನ ಹೊಳೆಯ ಜೊತೆಗೇ ನಡೆದು ಬಂದವರಿಗಂತೂ ಇನ್ನೂ ಜಾಸ್ತಿ. ಒಂದು ಹನಿ ತಲೆಗೆ ಹಾಕಿಕೊಂಡು ಕೈಮುಗಿಯಿರಿ. ಕಾಲು ಇಳಿಬಿಡುವ ಆಸೆಯನ್ನು ತೀರ್ಥಹಳ್ಳಿಗೆ ಉಳಿಸಿಕೊಳ್ಳಿ.

ಕೂಡಲಿಗೆ ಹೋಗಬಹುದಾ?

ಬಿಡುವಿನ ದಿನ ಗಾಡಿ ಹತ್ತಿದರೆ ವ್ರತ ಕೆಡುತ್ತದಾ ಎಂದು ತುಂಬ ಜನ ಕೇಳುತ್ತಾರೆ. ನಮ್ಮ ಚಿಕ್ಕಪ್ಪನ ಲೆಕ್ಕ ಸರಳ. ನಡಿಗೆ ಎಲ್ಲಿ ನಿಂತಿತೋ ಅಲ್ಲಿಗೇ ವಾಪಸ್ ಬಂದು ಅಲ್ಲಿಂದಲೇ ಮುಂದಿನ ಹೆಜ್ಜೆ ಇಡಬೇಕು. ನಡುವೆ ಬಸ್ಸು, ಆಟೋ ಹತ್ತಿದರೆ ತೊಂದರೆ ಇಲ್ಲ. ನಿಮ್ಮ ಮನೆಯ ಹಿರಿಯರು ಬೇರೆ ಹೇಳಿದರೆ ಅವರ ಮಾತೇ ಸರಿ.

ಗಾಡಿ ಹತ್ತುವುದಾದರೆ ಹೋಗಬೇಕಾದದ್ದು ಕೂಡಲಿಗೆ. ಶಿವಮೊಗ್ಗದಿಂದ ಸುಮಾರು 16 ಕಿ.ಮೀ. ತುಂಗೆ, ಭದ್ರೆ ಎರಡೂ ಹುಟ್ಟುವುದು ಗಂಗಾಮೂಲದಲ್ಲಿ, ಒಂದೇ ಬೆಟ್ಟದ ಮಡಿಲಲ್ಲಿ. ಬೇರೆ ಬೇರೆ ದಾರಿ ಹಿಡಿದು, ಬೇರೆ ಬೇರೆ ಊರು ಸುತ್ತಿ, ಇಬ್ಬರೂ ಸೇರುವುದು ಕೂಡಲಿಯಲ್ಲಿ. ಅಲ್ಲಿಂದ ಮುಂದೆ ತುಂಗಭದ್ರೆ. ನಾವು ಮೂರು ದಿನ ತುಂಗಭದ್ರೆಯ ಸೀಮೆಯಲ್ಲಿ ನಡೆದಿರುತ್ತೇವೆ, ಮುಂದೆ ತುಂಗೆಯ ಜೊತೆ ನಡೆಯುತ್ತೇವೆ. ಆ ಎರಡರ ಗಂಟು ಇರುವುದು ಅಲ್ಲಿ. ಸಂಗಮದ ದಂಡೆಯಲ್ಲಿ ಹೊಯ್ಸಳರ ಕಾಲದ ರಾಮೇಶ್ವರ ಗುಡಿ ಇದೆ, ಹಳೆಯ ಮಠಗಳಿವೆ. ಜನಸಂದಣಿ ಕಡಿಮೆ. ಒಂದು ಗಂಟೆ ಮಾತಿಲ್ಲದೆ ಕೂರಬಹುದು.

ಕೂಡಲಿಯೋ ಅರಮನೆಯೋ ಎಂದರೆ, ಕಾಲು ಚೆನ್ನಾಗಿದ್ದವರು ಕೂಡಲಿ, ಕುಂಟುವವರು ಅರಮನೆ. ಎರಡನ್ನೂ ಒಂದೇ ದಿನ ಮಾಡಲು ಹೋಗಬೇಡಿ. ಮಧ್ಯಾಹ್ನ ಎರಡರಿಂದ ಐದರವರೆಗೆ ಮಲಗುವುದೇ ಈ ದಿನದ ಮುಖ್ಯ ಕೆಲಸ.

ಭದ್ರಾವತಿಯ ಲಕ್ಷ್ಮೀನರಸಿಂಹ, ಮತ್ತೂರು, ಹೊಸಹಳ್ಳಿ ಎಲ್ಲ ಒಳ್ಳೆಯ ಜಾಗಗಳೇ. ಇನ್ನೊಮ್ಮೆ ಕಾರಿನಲ್ಲಿ ಬಂದಾಗ ನೋಡಿ. ಸಕ್ರೆಬೈಲಿನ ಆನೆ ಶಿಬಿರಕ್ಕೆ ಆಟೋ ಮಾಡಿಕೊಂಡು ಹೋಗುವವರಿದ್ದಾರೆ, ಅದು ಬೇಡವೇ ಬೇಡ. ಅದು ನಿಮ್ಮ ಮರುದಿನದ ದಾರಿಯಲ್ಲೇ ಇದೆ. ಗಾಜನೂರು ಅಣೆಕಟ್ಟು, ಸಕ್ರೆಬೈಲು, ಮಂಡಗದ್ದೆ ಎಲ್ಲವೂ ತೀರ್ಥಹಳ್ಳಿ ರಸ್ತೆಯಲ್ಲಿ ಒಂದರ ಹಿಂದೆ ಒಂದು ತಾವಾಗಿ ಸಿಗುತ್ತವೆ. ಅಂದ ಹಾಗೆ ಡಾ. ರಾಜ್‌ಕುಮಾರ್ ಅವರ ಗಾಜನೂರು ಬೇರೆ, ಅದು ತಾಳವಾಡಿ ಕಡೆಯದ್ದು. ನಮ್ಮ ಗುಂಪಿನಲ್ಲಿ ಪ್ರತಿ ವರ್ಷ ಒಬ್ಬರಾದರೂ ಇದನ್ನು ಕೇಳುತ್ತಾರೆ.

ತೀರ್ಥಹಳ್ಳಿ ಯಾರಿಗೆ?

ತೀರ್ಥಹಳ್ಳಿಯಲ್ಲಿ ಉಳಿದ ವರ್ಷ ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಿದೆ. ಹಾಗಿದ್ದರೂ ಶಿವಮೊಗ್ಗ ಎನ್ನುತ್ತೇನೆ, ಯಾಕೆಂದರೆ ಆ ವರ್ಷ ನಮ್ಮ ಗುಂಪಿನಲ್ಲಿ ಹೊಸಬರು ಯಾರೂ ಇರಲಿಲ್ಲ.

ಅಲ್ಲಿ ಸಿಗುವುದು ಬೇರೆಯೇ ವಿಶ್ರಾಂತಿ. ಊರು ಸಣ್ಣದು, ಹೊಳೆ ಊರಿನ ಮಗ್ಗುಲಲ್ಲೇ. ಪರಶುರಾಮ ತನ್ನ ಕೊಡಲಿಯ ರಕ್ತದ ಕಲೆ ತೊಳೆದುಕೊಂಡದ್ದು ಇಲ್ಲಿ ಎಂಬ ಕತೆ ಇದೆ. ರಾಮತೀರ್ಥ ಎನ್ನುವ ಆ ಜಾಗದ ಹತ್ತಿರವೇ ರಾಮೇಶ್ವರನ ಗುಡಿ. ಬೆಳಿಗ್ಗೆ ಎಂಟರವರೆಗೂ ಹೊಳೆಯ ಮೇಲೆ ಮಂಜು ಇರುತ್ತದೆ. ಜನವರಿಯಲ್ಲಿ ನೀರು ಇಳಿದು ಬಂಡೆಗಳು ಎದ್ದಿರುತ್ತವೆ. ಬಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟರೆ ತಣ್ಣನೆಯ ನೀರು ಮೀನಖಂಡದ ನೋವನ್ನು ಎಳೆದುಕೊಳ್ಳುತ್ತದೆ. ಅದಕ್ಕಿಂತ ಒಳ್ಳೆಯ ಔಷಧಿ ನನಗೆ ಗೊತ್ತಿಲ್ಲ. ಒಡೆದ ಗಾಯ ಇದ್ದರೆ ಮಾತ್ರ ಇಲ್ಲೂ ಇಳಿಯಬೇಡಿ. ಬಂಡೆ ಪಾಚಿ ಹಿಡಿದಿರುತ್ತದೆ, ಕೆಲವು ಕಡೆ ಮಡು ಆಳ. ಜನ ಇಳಿಯುವ ಜಾಗದಲ್ಲೇ ಇಳಿಯಿರಿ, ಈಜಲು ಹೋಗಬೇಡಿ.

ಊಟದಲ್ಲೂ ಮಲೆನಾಡು ಶುರುವಾಗಿರುತ್ತದೆ. ಬೆಳಿಗ್ಗೆ ಕಡುಬು, ಅಕ್ಕಿ ರೊಟ್ಟಿ, ಊಟಕ್ಕೆ ಅಪ್ಪೆಮಿಡಿ ಉಪ್ಪಿನಕಾಯಿ. ದಾರಿಯಲ್ಲಿ ಯಾರ ಮನೆಯ ಮುಂದೆ ನಿಂತು ನೀರು ಕೇಳಿದರೂ ಬೆಲ್ಲ ಸೇರಿಸಿ ಕೊಡುತ್ತಾರೆ. ಆ ಬೆಲ್ಲದ ಚೂರಿಗೆ ನಾನು ಇಡೀ ವರ್ಷ ಕಾಯುತ್ತೇನೆ.

ಶಿವಮೊಗ್ಗಕ್ಕೆ ಹೋಲಿಸಿದರೆ ಇಲ್ಲಿ ಮೂರು ಕಡೆ ಕಡಿಮೆ. ಬಟ್ಟೆ ಬೇಗ ಒಣಗುವುದಿಲ್ಲ, ಮಂಜು ಬೀಳುವ ಮೊದಲೇ ಎತ್ತಿಕೊಳ್ಳಬೇಕು. ಉಳಿಯುವ ಜಾಗಗಳು ಕಡಿಮೆ, ಮುಂಚೆಯೇ ಹೇಳಿಡಬೇಕು. ಆಮೇಲೆ ಆಸೆ ಹುಟ್ಟಿಸುವ ಜಾಗಗಳು ಸುತ್ತ ತುಂಬ ಇವೆ. ಯುವಕರು ಕವಲೇದುರ್ಗ ಹತ್ತೋಣ, ಕುಂದಾದ್ರಿಗೆ ಹೋಗೋಣ ಎನ್ನುತ್ತಾರೆ. ಕೋಟೆಯ ಕಲ್ಲುದಾರಿ ಹತ್ತಿ ಇಳಿದರೆ ಅದು ಬಿಡುವಿನ ದಿನವಲ್ಲ, ಇನ್ನೊಂದು ಮಜಲು. ಕುಪ್ಪಳಿಗೆ ಹೋಗುವ ಆಸೆ ಇದ್ದರೆ ಅದೂ ಕೊಪ್ಪದ ದಾರಿಯ ಹತ್ತಿರವೇ ಇದೆ. ಮರುದಿನ ಅಲ್ಲಿ ಒಂದು ಗಂಟೆ ನಿಲ್ಲುವ ಹಾಗೆ ಲೆಕ್ಕ ಹಾಕಿಕೊಂಡರೆ ಆಯಿತು.

ಮಲೆನಾಡಿನ ಏರಿಗೆ ಹೆದರಿ ತೀರ್ಥಹಳ್ಳಿಯಲ್ಲಿ ಕೂರುವವರಿಗೆ ಒಂದು ಮಾತು. ಶಿವಮೊಗ್ಗ ಇರುವುದು ಸುಮಾರು 570 ಮೀಟರ್ ಎತ್ತರದಲ್ಲಿ, ತೀರ್ಥಹಳ್ಳಿ 590, ಶೃಂಗೇರಿ 670. ಘಾಟಿ ಹತ್ತಿದ ಹಾಗೆ ಒಂದೇ ಸಮನೆ ಏರುವುದೇನಿಲ್ಲ. ಏರಿ ಇಳಿದು, ಏರಿ ಇಳಿದು ಹೋಗುತ್ತದೆ ಅಷ್ಟೇ. ಉಸಿರಿಗಿಂತ ಮಂಡಿಗೆ ಕಷ್ಟ, ಅದೂ ಇಳಿಯುವಾಗ. ಮಂಡಿ ನೋವು ಇರುವವರು ಒಂದು ಕೋಲು ಹಿಡಿಯಿರಿ. ಶಿವಮೊಗ್ಗದಿಂದ ಮುಂದೆ ನೆರಳು ಜಾಸ್ತಿ, ಬರಿಗಾಲಿನವರಿಗೂ ದಾರಿ ಸ್ವಲ್ಪ ಹಗುರ.

ಎರಡು ದಿನ ಬಿಡುವು ಮಾಡಿಕೊಳ್ಳಬಲ್ಲವರು ಶಿವಮೊಗ್ಗದಲ್ಲಿ ಒಂದು, ತೀರ್ಥಹಳ್ಳಿಯಲ್ಲಿ ಒಂದು ಇಟ್ಟುಕೊಳ್ಳಿ. ಒಂದೂವರೆ ದಿನ ಇದ್ದರೆ ಶಿವಮೊಗ್ಗದಲ್ಲಿ ಪೂರ್ತಿ ದಿನ ಕೂತು, ತೀರ್ಥಹಳ್ಳಿಗೆ ಮಧ್ಯಾಹ್ನವೇ ತಲುಪುವ ಹಾಗೆ ಹಿಂದಿನ ದಿನ ಮಂಡಗದ್ದೆ ದಾಟಿ ಉಳಿಯಿರಿ. ಶೃಂಗೇರಿಯನ್ನು ಬಿಡುವಿನ ಲೆಕ್ಕಕ್ಕೆ ತರಬೇಡಿ. ಅಲ್ಲಿ ತಲುಪಿದ ಮೇಲೆ ಎಷ್ಟು ದಿನ ಬೇಕಾದರೂ ಕೂರಬಹುದು.

ಜಾತ್ರೆ ನೋಡಿಕೊಂಡು ದಿನ ಇಡಿ

ಎಳ್ಳಮಾವಾಸ್ಯೆ ಡಿಸೆಂಬರ್ ಅಥವಾ ಜನವರಿಯಲ್ಲಿ ಬರುತ್ತದೆ. ಆಗ ತೀರ್ಥಹಳ್ಳಿಯಲ್ಲಿ ದೊಡ್ಡ ಜಾತ್ರೆ, ತೀರ್ಥಸ್ನಾನ, ತೆಪ್ಪೋತ್ಸವ. ಜಾತ್ರೆ ನೋಡಲೆಂದೇ ಹೋಗುವವರಿಗೆ ಅದು ಭಾಗ್ಯ. ಮಲಗಲು ಮೂಲೆ ಹುಡುಕುವವರಿಗೆ ಕಷ್ಟ. ಆ ದಿನಗಳಲ್ಲಿ ಕಣ್ಣುಮುಚ್ಚಿ ಶಿವಮೊಗ್ಗ ಆರಿಸಿ. ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಫೆಬ್ರವರಿ, ಮಾರ್ಚ್ ಹೊತ್ತಿಗೆ. ಆಗ ಕೋಟೆ ರಸ್ತೆ, ಗಾಂಧಿ ಬಜಾರ್ ತುಂಬಿ ತುಳುಕುತ್ತವೆ. ತಡವಾಗಿ ಹೊರಡುವವರು ವಿಚಾರಿಸಿಕೊಳ್ಳಿ.

ಮಂಗನ ಕಾಯಿಲೆಯ ವಿಷಯ ಹೇಳದೆ ಇರಲಾರೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಜ್ವರ ಇದು. ಕಾಡಿನ ಉಣುಗು ಕಚ್ಚಿದರೆ ಬರುತ್ತದೆ. ಡಿಸೆಂಬರಿನಿಂದ ಮೇವರೆಗೆ, ಅಂದರೆ ನಾವು ನಡೆಯುವ ಕಾಲದಲ್ಲೇ ಜಾಸ್ತಿ. ತೀರ್ಥಹಳ್ಳಿ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು, ಬಯಲಿನಿಂದ ಬಂದ ನಮಗೆ ಗೊತ್ತಿರುವುದಿಲ್ಲ. ನೆರಳು ಕಂಡಿತೆಂದು ಒಣ ತರಗೆಲೆಯ ಮೇಲೆ ಮೈಚಾಚಿಬಿಡುತ್ತೇವೆ. ಹಾಗೆ ಮಾಡಬೇಡಿ. ಬಸ್ ತಂಗುದಾಣದ ಕಲ್ಲಿನ ಮೇಲೋ ಅಂಗಡಿಯ ಬೆಂಚಿನ ಮೇಲೋ ಕೂತು ದಣಿವಾರಿಸಿಕೊಳ್ಳಿ. ಶಿವಮೊಗ್ಗದ ಬಿಡುವಿನ ದಿನವೇ ಕೈಕಾಲಿಗೆ ಹಚ್ಚುವ ಕೀಟನಿರೋಧಕ ಎಣ್ಣೆ ಕೊಂಡಿಡಿ. ಸಂಜೆ ಸ್ನಾನ ಮಾಡುವಾಗ ಕಂಕುಳು, ಮಂಡಿಯ ಹಿಂದೆ, ಸೊಂಟದ ಸುತ್ತ ಮುಟ್ಟಿ ನೋಡಿ. ಸತ್ತ ಮಂಗ ಕಂಡರೆ ದೂರ ಹೋಗಿ, ಊರವರಿಗೆ ತಿಳಿಸಿ. ಮನೆಗೆ ಮರಳಿದ ವಾರದೊಳಗೆ ಜೋರು ಜ್ವರ, ತಲೆನೋವು ಬಂದರೆ ಮಲೆನಾಡಿನಲ್ಲಿ ನಡೆದು ಬಂದದ್ದನ್ನು ಡಾಕ್ಟರಿಗೆ ಮೊದಲು ಹೇಳಿ.

ಬಿಡುವಿನ ದಿನದ ರಾತ್ರಿ ಎಂಟಕ್ಕೆ ಊಟ ಮುಗಿಸಿ ಒಂಬತ್ತಕ್ಕೆ ದೀಪ ಆರಿಸಿ. ಬೆಳಿಗ್ಗೆ ಐದಕ್ಕೆ ಹೊರಡಿ. ಮೊದಲ ಒಂದೂವರೆ ಗಂಟೆ ಊರಂಚಿನ ದಾರಿ, ಟಾರ್ಚ್ ಹಿಡಿದು ಸಾಲಾಗಿ ನಡೆಯಬಹುದು. ಕಾಡು ಹತ್ತಿರವಾಗುವ ಹೊತ್ತಿಗೆ ಬೆಳಕು ಹರಿದಿರಬೇಕು, ಅಲ್ಲಿ ಶೆಟ್ಟಿಹಳ್ಳಿ ಅಭಯಾರಣ್ಯದ ಅಂಚು ಸಿಗುತ್ತದೆ. ಶಿವಮೊಗ್ಗದಿಂದ ಸಕ್ರೆಬೈಲಿಗೆ ಸುಮಾರು 14 ಕಿ.ಮೀ. ನಿಧಾನವಾಗಿ ನಡೆದರೂ ಒಂಬತ್ತರ ಹೊತ್ತಿಗೆ ತಲುಪುತ್ತೀರಿ. ಆನೆಗಳು ಹಿನ್ನೀರಿನಲ್ಲಿ ಮೈ ತೊಳೆಸಿಕೊಳ್ಳುವ ಹೊತ್ತು ಅದೇ.